ಪಾಸ್ ಎಷ್ಟನೇ ದಿನಕ್ಕೆ ಗಿಟ್ಟುತ್ತದೆ?

ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಿಂದ ಹಾನಗಲ್ಲಿಗೋ ಹಾವೇರಿಗೋ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಹುಡುಗನ ವಿದ್ಯಾರ್ಥಿ ಪಾಸಿಗೆ 2024-25ರ ಶೈಕ್ಷಣಿಕ ವರ್ಷದಲ್ಲಿ ಇದ್ದ ದರ 1,050 ರೂ. ಪಾಸಿನ ಅವಧಿ 10 ತಿಂಗಳು. ಒಂದು ದಿಕ್ಕಿನ ಟಿಕೆಟ್ 23 ರೂ. ಎಂದು ಇಟ್ಟುಕೊಂಡರೆ ಹೋಗಿ ಬರಲು ದಿನಕ್ಕೆ 46 ರೂ. ಬೇಕು. 1,050ನ್ನು 46ರಿಂದ ಭಾಗಿಸಿದರೆ 22.8 ಬರುತ್ತದೆ. ಅಂದರೆ 23ನೇ ದಿನಕ್ಕೆ ಪಾಸಿಗೆ ಕೊಟ್ಟ ಹಣ ವಸೂಲಾಗುತ್ತದೆ. ಅಲ್ಲಿಂದ ಮುಂದಿನ ಪ್ರತಿ ದಿನವೂ ಉಳಿತಾಯ. ಈ ಬರಹದಲ್ಲಿ ಇದನ್ನು ‘ಗಿಟ್ಟುವ ದಿನ’ ಎಂದು ಕರೆಯಲಾಗಿದೆ: ಪಾಸಿನ ಬೆಲೆ ಬಿಡಿ ಟಿಕೆಟ್‌ಗಳ ಒಟ್ಟು ಬೆಲೆಗೆ ಸಮನಾಗುವ ದಿನ.

ವರ್ಷಕ್ಕೆ 200 ದಿನ ಕಾಲೇಜಿಗೆ ಹೋಗುವ ಹುಡುಗ ಬಿಡಿ ಟಿಕೆಟ್ ತೆಗೆಸಿದರೆ ಆಗುವ ಖರ್ಚು 9,200 ರೂ. ಪಾಸ್ ಅದರ ಶೇ 11.4 ಮಾತ್ರ. ಉಳಿಯುವುದು 8,150 ರೂ. ಅದೇ ವರ್ಷ ಪ್ರೌಢಶಾಲೆಯ ಬಾಲಕನ ಪಾಸ್ 750 ರೂ. ಇತ್ತು, ಗಿಟ್ಟುವ ದಿನ 17. ಐಟಿಐ ವಿದ್ಯಾರ್ಥಿಗೆ 12 ತಿಂಗಳ ಪಾಸಿನ ದರ 1,310 ರೂ.; ಗಿಟ್ಟುವ ದಿನ 29. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಪಿಯು ಮತ್ತು ಪದವಿ ವಿದ್ಯಾರ್ಥಿಗಳಿಗೆ 150 ರೂ.; ಅವರಿಗೆ ನಾಲ್ಕನೇ ದಿನಕ್ಕೇ ಗಿಟ್ಟುತ್ತದೆ. ಈ ಪಟ್ಟಿಯಲ್ಲಿ ಕೊಳ್ಳಬೇಕೋ ಬೇಡವೋ ಎಂದು ಯೋಚಿಸಬೇಕಾದ ಪಾಸ್ ಒಂದೂ ಇಲ್ಲ. ಯೋಚಿಸಬೇಕಾದದ್ದು ಯಾವಾಗ ಕೊಳ್ಳಬೇಕು ಎಂಬುದನ್ನು.

ಏಕೆಂದರೆ ತಡಕ್ಕೆ ಬೆಲೆ ಇದೆ. ಕಾಲೇಜು ಶುರುವಾಗಿ 30 ದಿನ ಪಾಸ್ ಇಲ್ಲದೆ ಓಡಾಡಿದ ವಿದ್ಯಾರ್ಥಿ ಟಿಕೆಟ್‌ಗೆ ಕೊಡುವುದು 1,380 ರೂ. ಇಡೀ ವರ್ಷದ ಪಾಸಿಗಿಂತ ಇದು 330 ರೂ. ಹೆಚ್ಚು. ಅರ್ಜಿಯನ್ನು ಸೇವಾ ಸಿಂಧು ಜಾಲತಾಣದಲ್ಲಿ ಹಾಕಬೇಕು. ಅದಕ್ಕೆ ಶಾಲೆ, ಕಾಲೇಜಿನ ದೃಢೀಕರಣ ಬೇಕು, ದಾಖಲಾತಿ ಮುಗಿಯದೆ ದೃಢೀಕರಣ ಸಿಗುವುದಿಲ್ಲ. ಹೀಗೆ ಪ್ರತಿ ಹಂತದಲ್ಲೂ ಒಂದೊಂದು ವಾರ ಹೋದರೆ ಮೂರು ಹಂತಕ್ಕೆ ಸುಮಾರು 18 ಕಾಲೇಜು ದಿನ, 828 ರೂ. ಕೂಲಿ ಮಾಡುವ ಮನೆಗೆ ಈ 828 ರೂ. ಸಣ್ಣ ಮೊತ್ತವಲ್ಲ. ದಾಖಲಾತಿಯ ದಿನವೇ, ಅದೇ ಮೇಜಿನ ಮೇಲೆ ಪಾಸಿನ ಅರ್ಜಿಯನ್ನೂ ತುಂಬಿಸುವ ಕಾಲೇಜು ಆ ಮನೆಗೆ ಒಂದು ಶುಲ್ಕ ರಿಯಾಯಿತಿಯನ್ನೇ ಕೊಟ್ಟಂತೆ. ತಡವಾಯಿತೆಂದು ಪಾಸನ್ನೇ ಕೈಬಿಡುವುದು ಮಾತ್ರ ತಪ್ಪು ಲೆಕ್ಕ: ವರ್ಷದಲ್ಲಿ 80 ದಿನವಷ್ಟೇ ಉಳಿದಿದ್ದರೂ ಟಿಕೆಟ್ ಖರ್ಚು 3,680 ರೂ., ಪಾಸ್ ಅದರ ಶೇ 28.5.

ಮೇಲಿನ 23 ರೂ. ಹಿಂದೆ ಒಂದು ಏರಿಕೆ ಇದೆ. ರಾಜ್ಯದ ನಾಲ್ಕೂ ಸಾರಿಗೆ ಸಂಸ್ಥೆಗಳು 2025ರ ಜನವರಿ 5ರಿಂದ ಪ್ರಯಾಣ ದರವನ್ನು ಶೇ 15 ಹೆಚ್ಚಿಸಿದವು. 20 ರೂ. ಇದ್ದ ಟಿಕೆಟ್ 23 ಆಯಿತು. ತಿಂಗಳಿಗೆ 22 ದಿನ ಓಡಾಡುವ ಗಂಡಸಿನ ಖರ್ಚು 880 ರೂ.ನಿಂದ 1,012ಕ್ಕೆ ಏರಿತು. ವರ್ಷಕ್ಕೆ 1,584 ರೂ. ಹೆಚ್ಚು. ಏರಿಕೆಗೆ ಸರಕಾರ ಕೊಟ್ಟ ಕಾರಣವೂ ಅಂಕಿಗಳಲ್ಲೇ ಇತ್ತು: ಹತ್ತು ವರ್ಷದಲ್ಲಿ ನಾಲ್ಕೂ ಸಂಸ್ಥೆಗಳ ದಿನದ ಡೀಸೆಲ್ ವೆಚ್ಚ 9.16 ಕೋಟಿ ರೂ.ನಿಂದ 13.21 ಕೋಟಿಗೆ, ಸಿಬ್ಬಂದಿ ವೆಚ್ಚ 12.85 ಕೋಟಿಯಿಂದ 18.36 ಕೋಟಿಗೆ ಏರಿದೆ. ಎರಡೂ ಸೇರಿ ದಿನಕ್ಕೆ 9.56 ಕೋಟಿ ರೂ. ಹೆಚ್ಚಳ, ಶೇಕಡಾವಾರು 43. ಹಾವೇರಿ ಕಡೆ ಬಸ್ ಓಡಿಸುವ ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯ ಮಟ್ಟಿಗೆ ಇದಕ್ಕೂ ಹಿಂದಿನ ಏರಿಕೆ 2020ರ ಫೆಬ್ರವರಿಯಲ್ಲಿ ಆಗಿತ್ತು, ಶೇ 12. ಸಂಸ್ಥೆಯ ಖರ್ಚು ಏರಿದ್ದು ನಿಜ, ದರ ಏರಲೇಬೇಕಿತ್ತು ಎಂಬ ವಾದವೂ ಒಪ್ಪತಕ್ಕದ್ದೇ. ಪ್ರಶ್ನೆ ಇರುವುದು ಏರಿಕೆಯ ಭಾರ ಯಾರ ಮೇಲೆ ಉಳಿಯಿತು ಎಂಬಲ್ಲಿ.

ಹೆಂಗಸರ ಮೇಲೆ ಉಳಿಯಲಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಒಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಅವರ ಟಿಕೆಟ್ ದರ ಸೊನ್ನೆ. 2025ರ ಜುಲೈ 14ರಂದು ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಆ ಟಿಕೆಟ್‌ಗಳ ಒಟ್ಟು ಮೌಲ್ಯ ಸುಮಾರು 12,600 ಕೋಟಿ ರೂ. ಭಾಗಿಸಿದರೆ ಒಂದು ಪ್ರಯಾಣಕ್ಕೆ ಸರಾಸರಿ 25 ರೂ. ಈ ಸರಾಸರಿ ಬಹಳ ಹೇಳುತ್ತದೆ. ಯೋಜನೆ ಬಂದಾಗ ತೀರ್ಥಯಾತ್ರೆಯ ಬಸ್ಸುಗಳ ಚಿತ್ರಗಳೇ ಹೆಚ್ಚು ಕಂಡವು. ಆದರೆ 25 ರೂ. ಎಂಬುದು ದೂರದ ಯಾತ್ರೆಯ ದರವಲ್ಲ, ಊರಿನಿಂದ ತಾಲ್ಲೂಕು ಕೇಂದ್ರಕ್ಕೆ ಹೋಗುವ ದರ. ಅಕ್ಕಿಆಲೂರಿನಿಂದ ಹಾನಗಲ್ಲಿನ ಆಸ್ಪತ್ರೆಗೆ, ಹಾವೇರಿಯ ಬಟ್ಟೆ ಅಂಗಡಿಯ ಕೆಲಸಕ್ಕೆ, ಮಗಳ ಕಾಲೇಜಿಗೆ ಆಗುವಂಥ ಪ್ರಯಾಣ. ಬಜೆಟ್‌ನಲ್ಲಿ ಯೋಜನೆಗೆ 2024-25ರಲ್ಲಿ 5,015 ಕೋಟಿ ರೂ., 2025-26ರಲ್ಲಿ 5,300 ಕೋಟಿ ರೂ. ಇಡಲಾಯಿತು, ಏರಿಕೆ ಶೇ 5.7.

ಶಕ್ತಿ ಯೋಜನೆ ಪಾಸಿನ ಲೆಕ್ಕವನ್ನೇ ಬದಲಿಸಿತು. 2024-25ರಲ್ಲಿ ಪ್ರೌಢಶಾಲೆಯ ಬಾಲಕಿಯ ಪಾಸ್ 550 ರೂ., ಬಾಲಕನದಕ್ಕಿಂತ 200 ರೂ. ಕಡಿಮೆ ಎಂಬ ರಿಯಾಯಿತಿಗೆ ರಾಜ್ಯದ ಒಳಗೆ ಈಗ ಅರ್ಥ ಉಳಿದಿಲ್ಲ. ಆಧಾರ್ ತೋರಿಸಿದರೆ ಸಾಕು, ಗಿಟ್ಟುವ ದಿನವೇ ಇಲ್ಲ. ಪಾಸ್ ಬೇಕಾಗಿರುವುದು ಹುಡುಗರಿಗೆ ಮತ್ತು ದುಡಿಯುವ ಗಂಡಸರಿಗೆ. ಹುಡುಗರ ಲೆಕ್ಕ ಮೇಲೆ ಆಯಿತು. 60 ದಾಟಿದ ಗಂಡಸರಿಗೆ ಟಿಕೆಟ್‌ನಲ್ಲಿ ಶೇ 25 ರಿಯಾಯಿತಿ ಇದೆ. ಅದು ಪಾಸ್ ಅಲ್ಲ, ಮೊದಲ ಪ್ರಯಾಣದಿಂದಲೇ ಸಿಗುವಂಥದ್ದು; ವಯಸ್ಸಿನ ದಾಖಲೆ ಜೇಬಿನಲ್ಲಿರಬೇಕು ಅಷ್ಟೆ. 18ರಿಂದ 60ರ ನಡುವಿನ ಗಂಡಸಿಗೆ ಉಳಿಯುವುದು ತಿಂಗಳ ಪಾಸ್.

ತಿಂಗಳ ಪಾಸಿನ ಲೆಕ್ಕ ಬೆಂಗಳೂರಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹಾವೇರಿ ಜಿಲ್ಲೆಯಿಂದ ಅಲ್ಲಿಗೆ ದುಡಿಯಲು ಹೋದವರಿಗೆ ಅದು ನೇರವಾಗಿ ತಟ್ಟುವ ಲೆಕ್ಕವೂ ಹೌದು. ಬಿಎಂಟಿಸಿ ಸಾಮಾನ್ಯ ಬಸ್ಸಿನ ದಿನದ ಪಾಸ್ 2025ರ ಜನವರಿಯಲ್ಲಿ 70 ರೂ.ನಿಂದ 80ಕ್ಕೆ, ತಿಂಗಳ ಪಾಸ್ 1,050ರಿಂದ 1,200ಕ್ಕೆ ಏರಿದವು. ಎರಡರ ಏರಿಕೆಯೂ ಶೇ 14.3. ಹಾಗಾಗಿ ಗಿಟ್ಟುವ ದಿನ ಬದಲಾಗಲಿಲ್ಲ: ಏರಿಕೆಯ ಮೊದಲೂ 15, ನಂತರವೂ 15. ವಾರದ ಪಾಸ್ ಮಾತ್ರ 300ರಿಂದ 350ಕ್ಕೆ, ಶೇ 16.7 ಏರಿತು, ಅದು ಗಿಟ್ಟಲು ವಾರದಲ್ಲಿ 5 ದಿನ ಓಡಾಡಬೇಕು. ತಿಂಗಳಿಗೆ 26 ದಿನ ಕೆಲಸಕ್ಕೆ ಹೋಗುವವನಿಗೆ ತಿಂಗಳ ಪಾಸ್ ದಿನಕ್ಕೆ 46 ರೂ. ಬೀಳುತ್ತದೆ. 10 ದಿನ ಮಾತ್ರ ಕೆಲಸ ಸಿಕ್ಕವನಿಗೆ ಅದೇ ಪಾಸ್ ದಿನಕ್ಕೆ 120 ರೂ. ಬೀಳುತ್ತದೆ, ಆ ಹತ್ತು ದಿನಕ್ಕೂ ದಿನದ ಪಾಸನ್ನೇ ಕೊಂಡಿದ್ದರೆ 800 ರೂ. ಆಗುತ್ತಿತ್ತು. ಒಂದೇ ಕಾಗದ, ಒಬ್ಬನಿಗೆ ಶೇ 42 ಲಾಭ, ಇನ್ನೊಬ್ಬನಿಗೆ ಶೇ 50 ನಷ್ಟ.

ರೈಲಿನ ಸೀಸನ್ ಟಿಕೆಟ್‌ನಲ್ಲೂ ಇದೇ ಗುಣವಿದೆ. ಅಕ್ಕಿಆಲೂರಿಗೆ ರೈಲಿಲ್ಲ, ಹಾವೇರಿಗೆ ಹೋಗಿಯೇ ಹತ್ತಬೇಕು. ಸೀಸನ್ ಟಿಕೆಟ್ ಕೊಡುವುದು 150 ಕಿ.ಮೀ. ವರೆಗೆ, ಹಾವೇರಿಯಿಂದ ಹುಬ್ಬಳ್ಳಿ, ದಾವಣಗೆರೆ ಎರಡೂ ಈ ಮಿತಿಯ ಒಳಗಿವೆ. ತಿಂಗಳ ದರ 1 ಎಂದರೆ ಮೂರು ತಿಂಗಳ ದರ 2.7, ಆರು ತಿಂಗಳದು 5.4, ವರ್ಷದ್ದು 10.8. ಮೂರು ತಿಂಗಳಿಗೆ ಶೇ 10 ಉಳಿಯುತ್ತದೆ. ಆರು ತಿಂಗಳಿಗೂ ಶೇ 10, ವರ್ಷಕ್ಕೂ ಶೇ 10. ಅಂದರೆ ವರ್ಷದ ಹಣವನ್ನು ಒಮ್ಮೆಲೇ ಕಟ್ಟುವುದರಿಂದ ಮೂರು ತಿಂಗಳ ಟಿಕೆಟ್‌ಗಿಂತ ಒಂದು ರೂಪಾಯಿಯೂ ಹೆಚ್ಚು ಉಳಿಯುವುದಿಲ್ಲ. ಕೆಲಸ ಬಿಟ್ಟರೆ, ವರ್ಗವಾದರೆ ಆಗುವ ನಷ್ಟ ಮಾತ್ರ ನಾಲ್ಕು ಪಟ್ಟು ಹೆಚ್ಚು. ಮೂರು ತಿಂಗಳದ್ದೇ ಸಾಕು.

ರೈಲ್ವೆಯ ತಿಂಗಳ ಟಿಕೆಟ್ ಎಷ್ಟು ಬಿಡಿ ಪ್ರಯಾಣಕ್ಕೆ ಸಮನಿರಬೇಕು ಎಂಬುದು ಒಮ್ಮೆ ದೊಡ್ಡ ಜಗಳವಾಗಿತ್ತು. 2014ರ ಜೂನ್‌ನಲ್ಲಿ ಪ್ರಯಾಣ ದರವನ್ನು ಶೇ 14.2 ಏರಿಸಿದಾಗ ಸೀಸನ್ ಟಿಕೆಟ್‌ನ ಆಧಾರವನ್ನು 15 ಬಿಡಿ ಪ್ರಯಾಣಗಳಿಂದ 30ಕ್ಕೆ ಏರಿಸಲಾಗಿತ್ತು. ಏರಿಕೆ ಜಾರಿಗೆ ಬರುವ ಮುನ್ನಾದಿನವೇ 30ರ ಆಧಾರವನ್ನು ಕೈಬಿಡಲಾಯಿತು. ಶೇ 14.2 ಉಳಿಯಿತು, ದ್ವಿಗುಣ ಹೋಯಿತು. ಪಾಸಿನಲ್ಲಿ ನಿಜವಾದ ಬೆಲೆ ಅಡಗಿರುವುದು ಈ ಗುಣಕದಲ್ಲಿ. ಟಿಕೆಟ್ ದರ ಏರಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ; ಗುಣಕ 15ರಿಂದ 18 ಆದರೆ ತಿಂಗಳಿಗೆ 16 ಪ್ರಯಾಣ ಮಾಡುವವನ ಲಾಭ ಸದ್ದಿಲ್ಲದೆ ನಷ್ಟವಾಗುತ್ತದೆ.

ಈ ಗುಣಕವನ್ನೇ ವ್ಯಾಪಾರದ ಜೀವವಾಗಿಸಿಕೊಂಡ ಉದ್ಯಮ ಅಮೆರಿಕದ ಹಿಮಜಾರಾಟದ ತಾಣಗಳದು. ಗುಡ್ಡದ ತುದಿಗೆ ಒಯ್ಯುವ ಲಿಫ್ಟ್, ಅಂದರೆ ತಂತಿಯ ಮೇಲೆ ಸಾಗುವ ಆಸನಗಳ ಸಾಲು, ಹತ್ತಲು ದಿನದ ಟಿಕೆಟ್ ಬೇಕು, ಇಲ್ಲವೇ ಇಡೀ ಚಳಿಗಾಲದ ಪಾಸ್ ಬೇಕು. ವೇಲ್ ರೆಸಾರ್ಟ್ಸ್ ಕಂಪನಿ 2008ರಲ್ಲಿ ತಂದ ಎಪಿಕ್ ಪಾಸಿನ ಬೆಲೆ 579 ಡಾಲರ್. 2021ರಲ್ಲಿ ಬೆಲೆಯನ್ನು ಶೇ 20 ಇಳಿಸಿ 783 ಮಾಡಿತು. 2024-25ಕ್ಕೆ 982, 2025-26ಕ್ಕೆ 1,051. ಒಂದು ವರ್ಷದ ಏರಿಕೆ ಶೇ 7, ಇಳಿಸಿದ ನಾಲ್ಕು ವರ್ಷದಲ್ಲಿ ಶೇ 34. 2024-25ರಲ್ಲಿ ವೇಲ್ ಗುಡ್ಡದಲ್ಲಿ ಜನ ಹೆಚ್ಚಿರುವ ದಿನದ ಬಿಡಿ ಟಿಕೆಟ್ ಸುಮಾರು 330 ಡಾಲರ್ ಮುಟ್ಟಿತ್ತು. 982ನ್ನು ಭಾಗಿಸಿದರೆ ಗಿಟ್ಟುವ ದಿನ 3. ಬಿಡಿ ಟಿಕೆಟ್ ಅಷ್ಟು ದುಬಾರಿ ಇರುವುದು ಜನ ಅದನ್ನು ಕೊಳ್ಳಲಿ ಎಂದಲ್ಲ, ಪಾಸಿನ ಕಡೆ ತಿರುಗಲಿ ಎಂದು.

ಪಾಸಿನ ಮಾರಾಟ ಹಿಮ ಬೀಳುವ ಮೊದಲೇ ಶುರುವಾಗಿ ಡಿಸೆಂಬರ್ ಆರಂಭಕ್ಕೆ ಮುಗಿಯುತ್ತದೆ. ಹಿಮ ಬೀಳದಿದ್ದರೆ, ಮಗುವಿಗೆ ಜ್ವರ ಬಂದರೆ ಆ ನಷ್ಟ ಕೊಂಡವರದು. ಕ್ಯಾಲಿಫೋರ್ನಿಯಾದ ಕನ್ನಡದ ಮನೆಗಳಿಗೆ ಹತ್ತಿರವಾದ ಟಾಹೋ ಸರೋವರದ ಹೆವೆನ್ಲಿ, ನಾರ್ತ್‌ಸ್ಟಾರ್, ಕರ್ಕ್‌ವುಡ್ ತಾಣಗಳಿಗೂ ಇದೇ ಪಾಸ್. ವರ್ಷಕ್ಕೆ ಒಂದೇ ವಾರಾಂತ್ಯ, ಎರಡು ದಿನ ಹೋಗುವ ಮನೆಗೆ 3ರ ಲೆಕ್ಕ ಗಿಟ್ಟುವುದಿಲ್ಲ. ಅಂಥವರಿಗಾಗಿ ಕಂಪನಿ 2019ರಿಂದ ಇನ್ನೊಂದು ಪಾಸ್ ಮಾರುತ್ತಿದೆ: 1ರಿಂದ 7 ದಿನಗಳಲ್ಲಿ ಎಷ್ಟು ಬೇಕೋ ಅಷ್ಟನ್ನೇ ಮೊದಲೇ ಕೊಂಡು, ಚಳಿಗಾಲದಲ್ಲಿ ಯಾವಾಗ ಬೇಕೋ ಆಗ ಬಳಸುವುದು. ಕ್ಯಾಲೆಂಡರ್ ನೋಡುವ ಪಾಸ್ ಬೇರೆ, ಎಣಿಸುವ ಪಾಸ್ ಬೇರೆ. ಹಿಮಜಾರಾಟದ ಲೆಕ್ಕ ಅಕ್ಕಿಆಲೂರಿನ ಓದುಗರಿಗೆ ಬೇಕಾಗುವುದು ಈ ಒಂದು ವ್ಯತ್ಯಾಸಕ್ಕಾಗಿ.

ಬೆಲೆ ಇಳಿಸಿ ಸಂಖ್ಯೆ ಹೆಚ್ಚಿಸುವ ಪ್ರಯೋಗವನ್ನೂ ಅದೇ ಉದ್ಯಮ ಮಾಡಿದೆ. ಸ್ವಿಟ್ಜರ್ಲೆಂಡಿನ ಸಾಸ್ ಫೇ 2016ರಲ್ಲಿ 1,050 ಫ್ರಾಂಕಿನ ಪಾಸನ್ನು 222 ಫ್ರಾಂಕಿಗೆ ಇಳಿಸಿತು, ಶೇ 79 ಇಳಿಕೆ. ಷರತ್ತು ಒಂದೇ: 99,999 ಜನ ಕೊಳ್ಳಬೇಕು. ಗುರಿ ಮುಟ್ಟದಿದ್ದರೂ ಕಂಪನಿ ಅದೇ ಬೆಲೆಗೆ ಪಾಸ್ ಕೊಟ್ಟಿತು. ಹೇಗೂ ಓಡಬೇಕಾದ ಲಿಫ್ಟಿನಲ್ಲಿ ಖಾಲಿ ಆಸನ ತುಂಬಿದರೆ ಬರುವ ಹಣವೆಲ್ಲ ಆದಾಯವೇ ಎಂಬುದು ಅದರ ಲೆಕ್ಕ.

ನಮ್ಮಲ್ಲಿ ಎಣಿಸುವ ಪಾಸ್ ಸಿಕ್ಕಿರುವುದು ಕಾರಿಗೆ. ರಾಷ್ಟ್ರೀಯ ಹೆದ್ದಾರಿಯ ಫಾಸ್ಟ್ಯಾಗ್ ವಾರ್ಷಿಕ ಪಾಸ್ 2025ರ ಆಗಸ್ಟ್ 15ರಂದು ಬಂತು. 2025-26ರ ಬೆಲೆ 3,000 ರೂ.; ಮಿತಿ 200 ದಾಟುವಿಕೆ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಪೂರ್ತಿ ಬಳಸಿದರೆ ಒಂದು ಟೋಲ್ ದಾಟಲು 15 ರೂ. ಮೊದಲ ದಿನವೇ ಸುಮಾರು 1.4 ಲಕ್ಷ ಜನ ಕೊಂಡರು, ಅಂದರೆ ಒಂದೇ ದಿನದಲ್ಲಿ 42 ಕೋಟಿ ರೂ. ಮುಂಗಡ. ಪಾಸ್ ಖಾಸಗಿ ಬಳಕೆಯ ಕಾರು, ಜೀಪು, ವ್ಯಾನಿಗೆ ಮಾತ್ರ. ರಾಜ್ಯ ಹೆದ್ದಾರಿಯ ಟೋಲ್‌ಗೆ ನಡೆಯದು, ಇನ್ನೊಂದು ವಾಹನಕ್ಕೆ ವರ್ಗಾಯಿಸಲು ಬಾರದು, ಹಣ ವಾಪಸ್ ಇಲ್ಲ.

ಅಕ್ಕಿಆಲೂರಿನ ಕಾರು ಬೆಂಗಳೂರಿಗೆ ಹೊರಟರೆ ಹಾವೇರಿಯಲ್ಲಿ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಸೇರಿ ಚಳಗೇರಿ, ಹೆಬ್ಬಾಳು, ಗುಯಿಲಾಳು, ಕರ್ಜೀವನಹಳ್ಳಿ ಟೋಲ್‌ಗಳನ್ನು ದಾಟುತ್ತದೆ. ತುಮಕೂರಿನ ಆಚೆಯದನ್ನು ಬಿಟ್ಟು ಈ ನಾಲ್ಕನ್ನೇ ಹಿಡಿದರೂ ಹೋಗಿ ಬರಲು 8 ದಾಟುವಿಕೆ. ಸರಾಸರಿ ಟೋಲ್ 80 ರೂ. ಎಂದಿಟ್ಟುಕೊಂಡರೆ ಒಂದು ಯಾನಕ್ಕೆ 640 ರೂ. ವರ್ಷಕ್ಕೆ ನಾಲ್ಕು ಸಲ ಹೋದರೆ 2,560 ರೂ., ಪಾಸ್ ಗಿಟ್ಟುವುದಿಲ್ಲ. ಐದು ಸಲಕ್ಕೆ 3,200 ರೂ., 200 ರೂ. ಉಳಿಯುತ್ತದೆ. ಹಬ್ಬಕ್ಕೆ, ಮದುವೆಗೆ ಎಂದು ವರ್ಷಕ್ಕೆ ಎರಡು ಮೂರು ಸಲ ಹೋಗುವ ಮನೆ ಈ ಪಾಸ್ ಕೊಳ್ಳಬೇಕಿಲ್ಲ. ಹುಬ್ಬಳ್ಳಿ ಕಡೆಯ ಓಡಾಟ ಬೇರೆ: ಹಾವೇರಿಯಿಂದ ಹುಬ್ಬಳ್ಳಿಗೆ ಬಂಕಾಪುರದ್ದೊಂದೇ ಟೋಲ್. 24 ಗಂಟೆಯೊಳಗೆ ಮರಳಿದರೆ ಒಂದೂವರೆ ಪಟ್ಟು ಮಾತ್ರ ಕೊಡುವ ನಿಯಮವಿದೆ. 80ರ ಲೆಕ್ಕದಲ್ಲಿ ಹೋಗಿ ಬರಲು 120 ರೂ. ಅದರಂತೆ 3,000 ರೂ. ಗಿಟ್ಟಲು ವರ್ಷಕ್ಕೆ 25 ಸಲ ಹೋಗಿ ಬರಬೇಕು, ಸರಿಸುಮಾರು ಹದಿನೈದು ದಿನಕ್ಕೊಮ್ಮೆ.

ಶಿಗ್ಗಾಂವಿ, ಬಂಕಾಪುರದ ಕಡೆಯವರಿಗೆ ಇನ್ನೊಂದು ಆಯ್ಕೆ ಇದೆ, ಅದನ್ನು ಹಲವರು ಗಮನಿಸುವುದಿಲ್ಲ. ಟೋಲ್‌ನಿಂದ 20 ಕಿ.ಮೀ. ಒಳಗೆ ವಾಸಿಸುವವರ ಸ್ವಂತ ಕಾರಿಗೆ ಸ್ಥಳೀಯ ತಿಂಗಳ ಪಾಸ್. 2025-26ರ ದರ 350 ರೂ. ಆ ಒಂದು ಟೋಲ್‌ನಲ್ಲಿ ಎಷ್ಟು ಸಲ ಬೇಕಾದರೂ ದಾಟಬಹುದು. ವರ್ಷಕ್ಕೆ 4,200 ರೂ., ವಾರ್ಷಿಕ ಪಾಸಿಗಿಂತ ಶೇ 40 ಹೆಚ್ಚು. ಆದರೂ ದಿನವೂ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುವವರಿಗೆ ಅದೇ ಅಗ್ಗ. ವರ್ಷಕ್ಕೆ 300 ದಿನ, 600 ದಾಟುವಿಕೆ ಎಂದರೆ ವಾರ್ಷಿಕ ಪಾಸ್ ಮೂರು ಬೇಕು, 9,000 ರೂ.; ಸ್ಥಳೀಯ ಪಾಸಿನಲ್ಲಿ ದಾಟುವಿಕೆಗೆ 7 ರೂ. ಎರಡರ ಗಡಿ ಹೀಗೆ: 350ನ್ನು 15ರಿಂದ ಭಾಗಿಸಿದರೆ 23.3. ತಿಂಗಳಿಗೆ 23 ದಾಟುವಿಕೆಗಿಂತ ಹೆಚ್ಚಿದ್ದರೆ ಸ್ಥಳೀಯ ಪಾಸ್, ಕಡಿಮೆ ಇದ್ದರೆ ವಾರ್ಷಿಕ ಪಾಸ್. ಬಂಕಾಪುರದ ಜೊತೆ ಬೇರೆ ಟೋಲ್‌ಗಳನ್ನೂ ಆಗಾಗ ದಾಟುವವರಿಗೆ ತಕ್ಕಡಿ ವಾರ್ಷಿಕ ಪಾಸಿನ ಕಡೆಗೆ ಇನ್ನಷ್ಟು ಬಾಗುತ್ತದೆ.

ಹೆದ್ದಾರಿ ಶುಲ್ಕದ 2008ರ ನಿಯಮಗಳಲ್ಲಿ ಮೂರನೆಯದೂ ಒಂದಿದೆ: ತಿಂಗಳಲ್ಲಿ 50 ದಾಟುವಿಕೆಗೆ ಮುಂಗಡ ಕೊಟ್ಟರೆ ಮೂರನೇ ಎರಡು ಭಾಗದ ಬೆಲೆ. 80ರ ಟೋಲ್‌ಗೆ 50 ದಾಟುವಿಕೆ 4,000 ರೂ.; ಪಾಸ್ 2,667 ರೂ., ಒಂದಕ್ಕೆ 53 ರೂ. ಗಿಟ್ಟುವುದು 34ನೇ ದಾಟುವಿಕೆಗೆ. ವಾರ್ಷಿಕ ಪಾಸ್ ಸಿಗದ ಹಳದಿ ಫಲಕದ ಗಾಡಿಗಳಿಗೆ, ಗೋವಿನಜೋಳ ಹೇರುವ ಸಣ್ಣ ಲಾರಿಗಳಿಗೆ ಇರುವ ದಾರಿ ಇದು. ಮನೆಯ ಕಾರಿಗೆ ದಾಟುವಿಕೆಗೆ 15 ರೂ., ಅದೇ ದಾರಿಯಲ್ಲಿ ದುಡಿಯುವ ಗಾಡಿಗೆ ಅದರ ಹಲವು ಪಟ್ಟು. ಈ ಅಂತರಕ್ಕೆ ಸಮರ್ಥನೆ ಸುಲಭವಿಲ್ಲ.

ಈಗ ಬಸ್ ನಿಲ್ದಾಣಕ್ಕೆ ಮರಳಬೇಕು. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕದ ದಿನಗೂಲಿ 2024-25ರಲ್ಲಿ 349 ರೂ., 2025-26ರಲ್ಲಿ 370 ರೂ. ಏರಿಕೆ ಶೇ 6. ಬಸ್ ದರದ ಏರಿಕೆ ಶೇ 15. ಈ ದರದ ಕೂಲಿಯವನು 46 ರೂ. ಕೊಟ್ಟು ಹೋಗಿ ಬಂದರೆ ದಿನದ ಗಳಿಕೆಯ ಶೇ 12.4 ಬಸ್ಸಿಗೇ ಹೋಗುತ್ತದೆ. ಗೌಂಡಿಯ ಸಹಾಯಕ, ಬಣ್ಣ ಹೊಡೆಯುವವ, ಎಪಿಎಂಸಿಯಲ್ಲಿ ಮೂಟೆ ಎತ್ತುವವ, ಇವರಿಗೆ ತಿಂಗಳ ಕೆಲಸ ಒಂದೇ ಸಮನಿರುವುದಿಲ್ಲ. ತಿಂಗಳಿಗೆ 12 ದಿನ ಹಾವೇರಿಗೆ ಹೋದವನ ಟಿಕೆಟ್ ಖರ್ಚು 552 ರೂ. ಬೆಂಗಳೂರಿನ ಗುಣಕದಂತೆ 15 ದಿನದ ಬೆಲೆಗೆ ತಿಂಗಳ ಪಾಸ್ ಇದ್ದರೆ ಅದು 690 ರೂ. ಅವನು ಕೊಳ್ಳುವುದಿಲ್ಲ, ಕೊಳ್ಳದಿರುವುದೇ ಸರಿ. ಫಲವಾಗಿ ಈ ಬಸ್ಸಿನಲ್ಲಿ ಪೂರ್ತಿ ದರ ಕೊಡುವವನು ಅತಿ ಕಡಿಮೆ ಮತ್ತು ಅತಿ ಅನಿಶ್ಚಿತ ಗಳಿಕೆಯವನು. ನಿತ್ಯ ಪ್ರಯಾಣಿಕನಿಗೆ ಪಾಸ್ ಇದೆ, ವಿದ್ಯಾರ್ಥಿಗೆ ಇದೆ, ಹೆಂಗಸರಿಗೆ ಉಚಿತವಿದೆ, ಕಾರಿಗೂ ಇದೆ. ಈ ನಾಲ್ಕರಲ್ಲಿ ಯಾವುದನ್ನೂ ಕಡಿಮೆ ಮಾಡಬೇಕಿಲ್ಲ, ಐದನೆಯವನನ್ನು ಸೇರಿಸಿಕೊಳ್ಳಬೇಕು.

ಮಾದರಿ ಹೆದ್ದಾರಿಯ ನಿಯಮದಲ್ಲೇ ಇದೆ: 50 ಪ್ರಯಾಣ, ಮೂರನೇ ಎರಡು ಭಾಗದ ಬೆಲೆ. ಅವಧಿಯನ್ನು ಒಂದು ತಿಂಗಳ ಬದಲು ನಾಲ್ಕು ತಿಂಗಳು ಇಟ್ಟರೆ ಸಾಕು. 23 ರೂ. ದರಕ್ಕೆ 50 ಪ್ರಯಾಣ 1,150 ರೂ.; ಪಾಸ್ 767 ರೂ., ಒಂದಕ್ಕೆ 15.33 ರೂ. ತಿಂಗಳಿಗೆ 24 ಪ್ರಯಾಣ ಮಾಡುವ ಮೇಲಿನ ಕೂಲಿಕಾರನ ಖರ್ಚು 552ರಿಂದ 368ಕ್ಕೆ ಇಳಿಯುತ್ತದೆ. ವರ್ಷಕ್ಕೆ 2,208 ರೂ. ಉಳಿತಾಯ. 370ರ ಕೂಲಿಯಲ್ಲಿ ಅದು ಸುಮಾರು ಆರು ದಿನದ ದುಡಿಮೆ. 767 ರೂ. ಒಮ್ಮೆಲೇ ಕೊಡುವುದು ಭಾರವಾದರೆ 20 ಪ್ರಯಾಣದ ಪಾಸ್ 307 ರೂ.ಗೆ ಮಾಡಬಹುದು. ಟಿಕೆಟ್ ಯಂತ್ರ ನಿರ್ವಾಹಕರ ಕೈಯಲ್ಲಿ ಈಗಾಗಲೇ ಇದೆ. ಶಕ್ತಿ ಯೋಜನೆಯ 500 ಕೋಟಿ ಪ್ರಯಾಣಗಳನ್ನು ಸೊನ್ನೆ ದರದ ಟಿಕೆಟ್‌ಗಳ ಮೂಲಕ ಎಣಿಸಿದ ವ್ಯವಸ್ಥೆಗೆ 50 ಎಣಿಸುವುದು ಕಷ್ಟವಾಗಲಾರದು.

ಸಂಸ್ಥೆಗೆ ನಷ್ಟವೇ ಎಂಬುದಕ್ಕೆ ಬೈಕಿನ ಲೆಕ್ಕ ನೋಡಬೇಕು. 2025ರಲ್ಲಿ ರಾಜ್ಯದಲ್ಲಿ ಪೆಟ್ರೋಲ್ ಲೀಟರಿಗೆ 103 ರೂ. ಆಸುಪಾಸಿನಲ್ಲಿತ್ತು. ಲೀಟರಿಗೆ 50 ಕಿ.ಮೀ. ಕೊಡುವ ಬೈಕಿನಲ್ಲಿ ಹೋಗಿ ಬರಲು 30 ಕಿ.ಮೀ. ಎಂದರೆ ಪೆಟ್ರೋಲ್ 61.80 ರೂ. ಒಬ್ಬನೇ ಹೋದರೆ ಬಸ್ಸಿನ 46 ರೂ. ಅಗ್ಗ. ಇಬ್ಬರು ಸೇರಿ ಹೋದರೆ ತಲೆಗೆ 30.90 ರೂ., ಬೈಕ್ ಅಗ್ಗ. ಕೆಲಸಕ್ಕೆ ಜೋಡಿಯಾಗಿ ಹೋಗುವವರು ಬಸ್ ಬಿಟ್ಟಿರುವುದಕ್ಕೆ ಈ 15 ರೂ. ಅಂತರ ಸಾಕು. 50 ಪ್ರಯಾಣದ ಪಾಸಿನಲ್ಲಿ ಹೋಗಿ ಬರುವ ಖರ್ಚು 30.67 ರೂ. ಬೈಕಿಗೂ ಬಸ್ಸಿಗೂ ನಡುವಿನ ಅಂತರ 23 ಪೈಸೆಗೆ ಇಳಿಯುತ್ತದೆ, ಅದೂ ಬಸ್ಸಿನ ಪರವಾಗಿ. ಮುಂದಿನ ಬಾರಿ ದರ ಪರಿಷ್ಕರಣೆಯ ಕಡತ ವಾಯವ್ಯ ಕರ್ನಾಟಕ ಸಂಸ್ಥೆಯ ಹುಬ್ಬಳ್ಳಿಯ ಕೇಂದ್ರ ಕಚೇರಿಗೆ ಬಂದಾಗ ಶೇಕಡಾವಾರು ಏರಿಕೆಯ ಜೊತೆಗೆ ಈ 30.67 ಕೂಡ ಅದರಲ್ಲಿ ಇರಬೇಕು. ಪ್ರಾಯೋಗಿಕವಾಗಿ ಹಾವೇರಿ ವಿಭಾಗದ ಹಾನಗಲ್ ಘಟಕವೊಂದರಲ್ಲೇ ಆರು ತಿಂಗಳು ನಡೆಸಿ, ಮಾರಿದ ಪಾಸು, ಬಳಸಿದ ಪ್ರಯಾಣ, ಹೊಸದಾಗಿ ಬಸ್ ಹತ್ತಿದವರು ಎಂಬ ಮೂರು ಅಂಕಿಗಳನ್ನು ಪ್ರಕಟಿಸಿದರೂ ಸಾಕು.